ನಿರಿಗೆ ಹಿಡಿಯುವವರು

ನನ್ನ ಕರಿಮಣಿ ಸರದ ತುದಿಯಲ್ಲಿ ಯಾವಾಗಲೂ ನಾಲ್ಕಾರು ಸೇಫ್ಟಿ ಪಿನ್ನುಗಳು ತೂಗಾಡುತ್ತಿರುತ್ತವೆ. ಚಿನ್ನದ ಪಕ್ಕ ಈ ತಗಡೇಕೆ ಎಂದು ಊರಿನ ಮದುವೆಮನೆಗಳಲ್ಲಿ ಕೇಳಿದವರುಂಟು. ಮುಂಬಯಿಯ ಲೋಕಲ್‌ನಲ್ಲಿ, ಹೆಂಗಸರ ಡಬ್ಬಿಯಲ್ಲಿ ಮಾತ್ರ ಯಾರೂ ಕೇಳುವುದಿಲ್ಲ. ಅಲ್ಲಿ ಒಬ್ಬಳ ಸೆರಗು ಹರಿದರೆ, ಇನ್ನೊಬ್ಬಳ ಚೀಲದ ಜಿಪ್ಪು ಕೈಕೊಟ್ಟರೆ, ಬಾಯಿಬಿಟ್ಟು ಕೇಳುವ ಮೊದಲೇ ಯಾವುದೋ ಬಳೆಯಿಂದ, ಯಾವುದೋ ಸರದಿಂದ ಒಂದು ಪಿನ್ನು ಬಿಚ್ಚಿಕೊಂಡು ಬಂದಿರುತ್ತದೆ. ನೀವೂ ಹೆಂಗಸಾಗಿದ್ದರೆ ಕೊಟ್ಟಿರುತ್ತೀರಿ, ಇಲ್ಲವೇ ತೆಗೆದುಕೊಂಡಿರುತ್ತೀರಿ, ಹಿಂತಿರುಗಿಸಿರಲಾರಿರಿ. ಪಿನ್ನಿನ ಮರ್ಯಾದೆಯೆಲ್ಲ ಅದು ಕಾಣದಿರುವುದರಲ್ಲಿದೆ. ಸೆರಗಿನ ಮಡಿಕೆಯೊಳಗೆ ಅಡಗಿ ಕೂತು, ಉಟ್ಟವಳು ಇಡೀ ದಿನ ಮರೆತೇಬಿಡುವಂತೆ ಹಿಡಿದುಕೊಂಡಿದ್ದರೆ ಅದು ಒಳ್ಳೆಯ ಪಿನ್ನು.

ನನ್ನ ಕಸುಬೂ ಹೆಚ್ಚುಕಡಿಮೆ ಅಂಥದ್ದೇ. ನಾಟಕದಲ್ಲಿ ಕೆಲಸ ಎಂದು ಹೇಳಿದರೆ ಹೊಸಬರು ನನ್ನ ಮುಖವನ್ನೊಮ್ಮೆ ನೋಡುತ್ತಾರೆ, ಯಾವ ಪಾತ್ರವಿರಬಹುದು ಎಂದು ಅಳೆಯುವವರಂತೆ. ಪಾತ್ರವೇನೂ ಇಲ್ಲ. ರಂಗದ ಪಕ್ಕದ ಕತ್ತಲೆಯಲ್ಲಿ, ಒಂದು ದೃಶ್ಯ ಮುಗಿದು ಇನ್ನೊಂದು ಶುರುವಾಗುವುದರೊಳಗೆ, ನಟಿಯ ಮೈಮೇಲಿನ ಸೀರೆ ತೆಗೆದು ಬೇರೆ ಸೀರೆ ಉಡಿಸುವವಳು ನಾನು. ಮರಾಠಿ ನಾಟಕದವರು ನಮ್ಮ ವಿಭಾಗಕ್ಕೆ ಕಪಡೇಪಟ ಎನ್ನುತ್ತಾರೆ. ಏಳನೆಯ ಇಯತ್ತೆಯ ಆಚೆ ಓದದ ನನಗೆ ಆ ಹೆಸರು ಬಂದದ್ದು, ಅದರಿಂದ ಈ ಊರಿನ ಎಲ್ಲ ನಾಟಕಗೃಹಗಳ ಹಿಂಬಾಗಿಲೂ ಗೊತ್ತಾದದ್ದು ನನ್ನ ಅಕ್ಕನಿಂದ.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ಓರಗಿತ್ತಿ. ನಮ್ಮವರ ಅಣ್ಣನ ಹೆಂಡತಿ ಸುಮತಿ. ಕುಂದಾಪುರದ ಕಡೆಯ ಒಂದೇ ಮನೆಗೆ ಸೊಸೆಯರಾಗಿ ಬಂದು, ಮುಂಬಯಿಯಲ್ಲಿ ಬೈಕುಲ್ಲಾದ ಒಂದೇ ಚಾಳಿನ ಒಂದೇ ಖೋಲಿಯಲ್ಲಿ ಇಬ್ಬರೂ ಸಂಸಾರ ಹೂಡಿದೆವು. ಅಣ್ಣತಮ್ಮ ಇಬ್ಬರೂ ಸಾಂತಾಕ್ರೂಜಿನ ಹೋಟೆಲಿನಲ್ಲಿದ್ದರು. ಭಾವ ಕೌಂಟರಿನಲ್ಲಿ, ನಮ್ಮವರು ಒಳಗೆ ಅಡುಗೆಯಲ್ಲಿ. ಹಗಲೆಲ್ಲ ನಮಗೆ ನಾವೇ. ಪಕ್ಕದ ಖೋಲಿಯ ಮರಾಠಿ ಅಜ್ಜಿ ಬೆಳಿಗ್ಗೆ ಎದ್ದು ಒಂಬತ್ತು ಗಜದ ಸೀರೆಯನ್ನು ಕಚ್ಚೆಹಾಕಿ ಉಡುವುದನ್ನು ಅಕ್ಕ ಬಾಗಿಲಲ್ಲಿ ನಿಂತು ನೋಡಿ ನೋಡಿ ಕಲಿತಳು. ಕೆಲವರು ಕೈಗೆ ಸಿಕ್ಕಿದ್ದನ್ನು ಕಲಿಯದೆ ಬಿಡಲಾರರು.

ಅದು ಉಪಯೋಗಕ್ಕೆ ಬಂದದ್ದು ಕನ್ನಡ ಸಂಘವೊಂದರ ವಾರ್ಷಿಕ ನಾಟಕದಲ್ಲಿ. ನಾವು ನೋಡಲು ಹೋದವರು. ರಂಗದ ಮೇಲೆ ಕಚ್ಚೆ ಉಟ್ಟ ರಾಣಿಯ ನಿರಿಗೆ ಜಾರಿತು. ಪಾಪ, ಆ ಹುಡುಗಿ ಒಂದು ಕೈಯಲ್ಲಿ ಸೊಂಟ ಹಿಡಿದುಕೊಂಡು, ಇನ್ನೊಂದು ಕೈ ಮೇಲೆತ್ತಿ ಯುದ್ಧ ಸಾರುತ್ತಿದ್ದಳು. ಅಕ್ಕ ನನ್ನ ತೋಳು ಎಳೆದಳು.

"ಏಳು ಮಾರಾಯ್ತಿ. ಆ ಹೆಣ್ಣು ಸೊಂಟ ಹಿಡ್ಕೊಂಡೇ ರಾಜ್ಯ ಕಳ್ಕೊಳ್ತಾಳೆ."

ಹಾಗೆ ಕುರ್ಚಿಯಿಂದ ಎದ್ದು ಪರದೆಯ ಹಿಂದೆ ಹೋದವರು ನಾವು. ಮತ್ತೆ ಪ್ರೇಕ್ಷಕರ ಕುರ್ಚಿಯಲ್ಲಿ ಕೂತದ್ದು ಅಪರೂಪ. ಸಂಘದ ನಾಟಕಗಳಿಂದ ಮರಾಠಿ ನಾಟಕಗಳಿಗೆ, ಅಲ್ಲಿಂದ ಗುಜರಾತಿಗೆ, ನಡುನಡುವೆ ಟೀವಿ ಸೀರಿಯಲ್ಲಿನ ಮದುವೆ ದೃಶ್ಯಗಳಿಗೆ ಕರೆ ಬಂತು. ಕರಿಯರ್ ಎಂಬ ಮಾತು ನಮಗೆ ಗೊತ್ತಿರಲಿಲ್ಲ. "ಇವತ್ತು ಹೋಗ್ಲಿಕ್ಕುಂಟಾ?" ಎಂದು ಅಕ್ಕ ಕೇಳುತ್ತಿದ್ದಳು, "ಉಂಟು" ಎಂದು ನಾನು ಚೀಲ ಹಿಡಿಯುತ್ತಿದ್ದೆ. ಇಪ್ಪತ್ತು ವರ್ಷಕ್ಕೂ ಮೀರಿ ನಡೆದದ್ದನ್ನು ಈಗ ಹಿಂತಿರುಗಿ ನೋಡಿದರೆ ಅದಕ್ಕೊಂದು ದೊಡ್ಡ ಹೆಸರು ಇಡಬಹುದೇನೋ. ನಡೆಯುತ್ತಿದ್ದಾಗ ಅದು ಬರೇ ಹೋಗುವುದು, ಬರುವುದು, ಇಸ್ತ್ರಿ ಮಾಡುವುದು.

ನಮ್ಮ ಕೆಲಸದ ಕ್ರಮ ಹೇಳುತ್ತೇನೆ. ಸೀರೆ ಬದಲಿಸಲು ಇಬ್ಬರು ಬೇಕು. ಒಬ್ಬಳು ಎದುರಿಗೆ ಮಂಡಿಯೂರಿ ನಿರಿಗೆ ಹಿಡಿಯುತ್ತಾಳೆ, ಅದು ಅಕ್ಕ. ಇನ್ನೊಬ್ಬಳು ಹಿಂದೆ ನಿಂತು ಕಚ್ಚೆ ಸಿಕ್ಕಿಸಿ, ಸೆರಗು ಹಾಕಿ ಪಿನ್ನು ಚುಚ್ಚುತ್ತಾಳೆ, ಅದು ನಾನು. ನಿರಿಗೆಯನ್ನು ಮೊದಲೇ ಮಡಚಿ ಬಟ್ಟೆ ಒಣಗಿಸುವ ಕ್ಲಿಪ್ಪು ಹಾಕಿಟ್ಟಿರುತ್ತೇವೆ. ಮಾತಾಡುವಂತಿಲ್ಲ, ಒಂದು ಪಿಸುಮಾತಿದ್ದರೂ ಮೊದಲ ಸಾಲಿಗೆ ಕೇಳುತ್ತದೆ. ಬೆಳಕಿಲ್ಲ, ಟಾರ್ಚು ಹಚ್ಚಿದರೆ ಪರದೆಯ ಮೇಲೆ ನೆರಳು ಬೀಳುತ್ತದೆ. ಎಲ್ಲ ಮುಗಿದಾಗ, ಕೊನೆಗೆ ಕೈ ತೆಗೆಯುವವಳು ನಾನಾದ್ದರಿಂದ, ನಟಿಯ ಭುಜವನ್ನು ಎರಡು ಸಲ ಮೆಲ್ಲಗೆ ತಟ್ಟುತ್ತೇನೆ. ಆಯಿತು, ಇನ್ನು ನೀನು ಹೋಗು ಎಂದರ್ಥ. ಅವಳು ಬೆಳಕಿಗೆ ಹೋಗುತ್ತಾಳೆ.

ಹೀಗೆ ಕತ್ತಲೆಯಲ್ಲಿ ನಿಂತು ನಿಂತು ನನಗೊಂದು ವಿಚಾರ ಹುಟ್ಟಿತ್ತು. ನಮ್ಮವರು ರುಬ್ಬಿದ ಹಿಟ್ಟಿನ ದೋಸೆ ತಿಂದವರು ಸಾಂತಾಕ್ರೂಜಿನಲ್ಲಿ ಎಷ್ಟು ಮಂದಿಯೋ, ಅವರ ಮುಖ ಕಂಡವರು ಯಾರೂ ಇರಲಿಕ್ಕಿಲ್ಲ. ನಾನು ಉಡಿಸಿದ ಸೀರೆ ನೋಡಿ ಚಪ್ಪಾಳೆ ತಟ್ಟಿದವರೂ ಹಾಗೆಯೇ. ಒಂದೇ ಮನೆಯಲ್ಲಿ ಇಬ್ಬರೂ ಪರದೆಯ ಹಿಂದಿನವರು. ಆದರೆ ನನಗೆ ಅದರಿಂದ ಕೊರಗು ಹುಟ್ಟಲಿಲ್ಲ. ನನ್ನನ್ನು ಕಾಣುತ್ತಿದ್ದವಳು ಒಬ್ಬಳು ನನ್ನೆದುರೇ ಇದ್ದಳಲ್ಲ. ಕತ್ತಲೆಯಲ್ಲಿ ನಿರಿಗೆ ಸಿಕ್ಕಿಸಿ ಅಕ್ಕ ಸೀರೆಯ ಅಂಚನ್ನೊಮ್ಮೆ ಜಗ್ಗುತ್ತಿದ್ದಳು. ನನ್ನದಾಯಿತು, ನಿನ್ನದು ನೋಡು ಎಂದು ನನಗೆ ಹೇಳುವ ರೀತಿ ಅದು. ಕಾಣಿಸಿಕೊಳ್ಳುವುದಕ್ಕೆ ಅಷ್ಟು ಬೆಳಕು ಸಾಕಿತ್ತು.

ಹೋದ ಮಳೆಗಾಲದಲ್ಲಿ ಅಕ್ಕ ತೀರಿಕೊಂಡಳು. ಕೆಮ್ಮು ಎಂದು ಶುರುವಾಗಿ, ಆಸ್ಪತ್ರೆಯೆಂದಾಗಿ, ಒಂದು ಬೆಳಿಗ್ಗೆ, ಚಾಳು ಬಿಟ್ಟ ಮೇಲೆ ಅವರು ಬೇರೆಯಾಗಿ ಮಾಡಿದ್ದ ಮನೆಗೆ ತಂದು ಚಾಪೆಯ ಮೇಲೆ ಮಲಗಿಸಿದರು. ಮುತ್ತೈದೆಯಾಗಿ ಹೋದವಳು, ಹಸಿರು ಸೀರೆ ಉಡಿಸಬೇಕು. ಊರಿನ ಹೆಂಗಸರು ಸುತ್ತ ನಿಂತಿದ್ದರು, ಕೆಳಗೆ ಬಿಲ್ಡಿಂಗಿನ ಗೇಟಿನಲ್ಲಿ ಗಾಡಿ ಬಂದು ನಿಂತಿತ್ತು, ಬೇಗ ಬೇಗ ಎಂದು ಯಾರೋ ಹೇಳುತ್ತಲೇ ಇದ್ದರು. ಬೇಗ ಎಂಬ ಮಾತು ಕೇಳಿದರೆ ನನ್ನ ಕೈ ನನ್ನನ್ನು ಕೇಳದೆ ತಾನೇ ಓಡುತ್ತದೆ. ಮಲಗಿದವಳಿಗೆ ನಿರಿಗೆ ಹಾಕಿದೆ, ಸೆರಗು ಹೊದಿಸಿದೆ, ಪಿನ್ನು ಚುಚ್ಚಿದೆ. ಆಮೇಲೆ ಅಕ್ಕನ ಭುಜವನ್ನು ಎರಡು ಸಲ ತಟ್ಟಿದೆ.

ತಟ್ಟಿದ ಮೇಲೆಯೇ ನನಗೆ ಗೊತ್ತಾದದ್ದು. ಉಳಿದವರು ಅದನ್ನು ಪ್ರೀತಿಯಿಂದ ಸವರಿದ್ದು ಎಂದುಕೊಂಡಿರಬೇಕು. ನಾನು ಎದ್ದು ಬಚ್ಚಲಿಗೆ ಹೋಗಿ ನಳ ಬಿಟ್ಟುಕೊಂಡು ಕೂತೆ. ಹೋಗು ಎಂದು ಹೇಳಿದವಳು ನಾನೇ ಆಗಿಬಿಟ್ಟೆನಲ್ಲ ಎಂಬುದು ಬಹಳ ದಿನ ನನ್ನನ್ನು ಬಿಡಲಿಲ್ಲ. ಅಲ್ಲಿಂದ ಮುಂದೆ ನಾನು ನಾಟಕಗಳಿಗೆ ಹೋಗಲಿಲ್ಲ. ನನ್ನ ಕೈ ಇನ್ನು ಆ ಸನ್ನೆ ಮಾಡಲಾರದು ಅನ್ನಿಸಿತು.

ದೀಪಾವಳಿ ಕಳೆದ ಮೇಲೆ ಮರಾಠಿ ಕಂಪನಿಯ ಮ್ಯಾನೇಜರರ ಫೋನ್ ಬಂತು. ನಾವಿಬ್ಬರೂ ಹೋಗುತ್ತಿದ್ದ ನಾಟಕ ಮತ್ತೆ ಶುರುವಾಗುತ್ತದಂತೆ. ಅದರಲ್ಲಿ ಒಬ್ಬ ಮುದುಕಿ ತನ್ನ ಮದುವೆಯನ್ನು ನೆನೆಸಿಕೊಳ್ಳುತ್ತಾಳೆ. ರಂಗ ಕತ್ತಲಾಗಿ ಸನಾದಿ ನುಡಿಯುತ್ತದೆ, ಅದು ನಿಲ್ಲುವುದರೊಳಗೆ ಬಿಳಿ ಸೀರೆಯ ವಿಧವೆ ಒಂಬತ್ತು ಗಜದ ಹಸಿರು ಸೀರೆಯ ಮದುಮಗಳಾಗಿ ನಿಂತಿರಬೇಕು.

"ವಹಿನಿ, ನೀವು ಬರ್ತೀರೋ, ಇಲ್ಲ ಝಿಪ್ ಹೊಲಿಸಿಬಿಡ್ಲೋ?" ಎಂದು ಕೇಳಿದರು. ವಹಿನಿ, ಅಂದರೆ ಅತ್ತಿಗೆ, ಎಂಬುದಷ್ಟೇ ಮರಾಠಿ, ಉಳಿದದ್ದು ಹಿಂದಿ. ಕೆಟ್ಟ ಮನುಷ್ಯನಲ್ಲ, ಅವರಿಗೂ ನಾಟಕ ನಡೆಸಬೇಕಲ್ಲ. ನಿರಿಗೆಯನ್ನೆಲ್ಲ ಹೊಲಿದು ಬೆನ್ನಿಗೆ ಝಿಪ್ ಇಟ್ಟರೆ ಲಂಗದಂತೆ ತೊಡಿಸಬಹುದು. ಅಕ್ಕನಿಗೆ ಅಂಥ ಸೀರೆ ಕಂಡರಾಗುತ್ತಿರಲಿಲ್ಲ. "ಅದು ಉಟ್ಟದ್ದಲ್ಲ, ಗವಸು ಹಾಕಿದ್ದು" ಎನ್ನುತ್ತಿದ್ದಳು. ಒಮ್ಮೆ ಝಿಪ್ ಬಂದರೆ ಆಮೇಲೆ ನಿರಿಗೆಯವರನ್ನು ಯಾರೂ ಕರೆಯುವುದಿಲ್ಲ. ನಾನು ಬೇಡವೆಂದರೆ ಮುಗಿಯುವುದು ನನ್ನ ಒಬ್ಬಳ ಕೆಲಸವಲ್ಲ, ನಾವಿಬ್ಬರೂ ಕೂಡಿ ಕಟ್ಟಿದ್ದು. ಬರುತ್ತೇನೆ ಎನ್ನಲು ಇನ್ನೊಂದು ಜೋಡಿ ಕೈ ಎಲ್ಲಿದೆ? ಹೇಳುತ್ತೇನೆ ಎಂದು ಫೋನಿಟ್ಟೆ.

ಸುದ್ದಿ ಹೇಗೆ ತಿಳಿಯಿತೋ, ಅಕ್ಕನ ಮಗಳು ಅಶ್ವಿನಿ ಮರುದಿನ ಮಲಾಡಿನ ಆಫೀಸಿನಿಂದ ನೇರ ನಮ್ಮ ಮನೆಗೆ ಬಂದಳು. ಚಪ್ಪಲಿ ಬಿಡುತ್ತಲೇ ಹೇಳಿದಳು, ಮುಂಬಯಿಯ ಮಕ್ಕಳ ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ.

"ಚಿಕ್ಕಮ್ಮ, ಮೈ ಆತೀ ಹೂಂ ನಿಮ್ಮ ಜೊತೆ."

"ನೀನೆಂತ ಮಾಡ್ತಿ ಅಲ್ಲಿ?"

"ಅಮ್ಮಂದು ಕೆಲಸ. ನಂಗೆ ಇದ್ರಲ್ಲೇ ಕರಿಯರ್ ಮಾಡ್ಬೇಕು. ಅಮ್ಮಂಗೆ ಗೊತ್ತಿತ್ತು, ಪಪ್ಪಂಗೆ ಹೇಳ್ಲಿಕ್ಕೆ ಹೆದರ್ತಿದ್ಳು."

"ಸೀರೆ ಉಡಿಸ್ಲಿಕ್ಕೆ ಬರ್ತದಾ?"

"ಮೊಬೈಲಲ್ಲಿ ನೋಡಿ ಸೀಖಾ ಹೈ."

"ಮೊಬೈಲಲ್ಲಿ ಬೆಳಕುಂಟು. ನಮ್ಮಲ್ಲಿ ಕತ್ತಲೆ."

"ತೋ ಲೈಟ್ ಬಂದ್ ಕರೋ ನಾ, ಚಿಕ್ಕಮ್ಮ."

ಮುಂದಿನ ರಜೆಯ ದಿನ ಕಿಟಕಿಗೆಲ್ಲ ಕಂಬಳಿ ಕಟ್ಟಿ ಕೋಣೆಯನ್ನು ಕತ್ತಲೆ ಮಾಡಿದೆವು. ಉಡಿಸಲು ಒಂದು ಮೈ ಬೇಕಲ್ಲ, ನಮ್ಮವರನ್ನೇ ನಿಲ್ಲಿಸಿದೆವು. ಬನಿಯನ್ನಿನ ಮೇಲೆ ಹಸಿರು ಸೀರೆ, ಕೈ ಎರಡೂ ಮೇಲೆ.

"ಬೇಗ ಮುಗ್ಸಿ. ನಂಗೆ ಸಾಂಬಾರಿಗೆ ಹೊತ್ತಾಯ್ತು."

"ಮದುಮಗಳು ಮಾತಾಡಬಾರ್ದು ಚಿಕ್ಕಪ್ಪ," ಎಂದಳು ಅಶ್ವಿನಿ.

ಆಗಲೇ ಭಾವ ಬಾಗಿಲು ತಳ್ಳಿ ಒಳಗೆ ಬಂದರು. ಮಗಳನ್ನು ಬೈದು ಕರೆದೊಯ್ಯಲೆಂದೇ ಬಂದವರು. ಇಷ್ಟು ಓದಿಸಿದ್ದು ಕಂಡವರ ಸೀರೆ ಮಡಚಲಿಕ್ಕಾ ಎಂದು ಫೋನಿನಲ್ಲಿ ನನಗೆ ಮೊದಲೇ ಹೇಳಿದ್ದರು. ಬಾಗಿಲಿನ ಬೆಳಕಿನಲ್ಲಿ ಕಚ್ಚೆಸೀರೆಯ ತಮ್ಮ ಕಂಡ.

"ಎಂತದಾ ಇದು?"

"ಕೇಳ್ಬೇಡ ಅಣ್ಣ. ಕನ್ಯಾದಾನ ಮಾಡ್ಲಿಕ್ಕೆ ನೀನೇ ಬಂದೆ, ಒಳ್ಳೇದಾಯ್ತು."

ಭಾವ ನಕ್ಕರು. ಮಳೆಗಾಲದ ನಂತರ ಅವರು ನಕ್ಕದ್ದನ್ನು ನಾವು ಯಾರೂ ಕೇಳಿರಲಿಲ್ಲ. ನಗುತ್ತಾ ನಗುತ್ತಾ ಕುರ್ಚಿಯಲ್ಲಿ ಕೂತು ಕಣ್ಣೊರೆಸಿಕೊಂಡು, ಸ್ವಲ್ಪ ಹೊತ್ತು ಸೀರೆಯನ್ನೇ ನೋಡಿದರು. "ನಿರಿಗೆ ಉಲ್ಟಾ ಉಂಟು," ಎಂದರು. "ಇವಳು ಎಡಗೈಯವಳಲ್ಲವಾ. ಶಾಲೆಯಲ್ಲಿ ಬಲಗೈ ಮಾಡಿಸಿ ಅಂದ್ರು, ಸುಮತಿ ಬಿಡ್ಲಿಲ್ಲ." ಮತ್ತೆ, ನನ್ನ ಕಡೆ ನೋಡದೆ, "ಭಾನುವಾರ ಮಾತ್ರ. ಆಫೀಸು ಬಿಡೂದು ಆಮೇಲೆ ಕಾಣುವ," ಎಂದರು.

ಅವರು ಹೇಳಿದ್ದು ನಿಜ. ಎಡಗೈಯಿಂದ ಮಡಚಿದ ನಿರಿಗೆ ಎಡಕ್ಕೆ ತೆರೆಯುವ ಬದಲು ಬಲಕ್ಕೆ ತೆರೆದುಕೊಂಡಿತ್ತು; ಮರಾಠಿ ಪ್ರೇಕ್ಷಕರಲ್ಲಿ ಒಬ್ಬ ಅಜ್ಜಿ ಇದ್ದರೂ ಸಾಕು, ಅದು ಕಣ್ಣಿಗೆ ಬೀಳುತ್ತದೆ. ಸೆರಗು ಬರುವುದು ಎಡಭುಜಕ್ಕೆ. ಅಲ್ಲಿ ಅವಳ ಕೈ ನನ್ನ ಕೈಗಿಂತಲೂ ಚುರುಕು. ಹಾಗಾದರೆ ಹಿಂದೆ ನಿಲ್ಲಬೇಕಾದವಳು ಅವಳು, ಎದುರಿಗೆ ಮಂಡಿಯೂರಬೇಕಾದವಳು ನಾನು. ಅಕ್ಕನ ಜಾಗದಲ್ಲಿ ಇನ್ನೊಬ್ಬರನ್ನು ಹೇಗೆ ಕಾಣಲಿ ಎಂದು ಇಷ್ಟು ದಿನ ಹೆದರಿದ್ದೆ. ಅಲ್ಲಿ ಕೂರಬೇಕಾದವಳು ನಾನೇ ಎಂಬುದು ನನ್ನ ಲೆಕ್ಕದಲ್ಲಿರಲಿಲ್ಲ.

ಮತ್ತೆ ಬಾಗಿಲು ಹಾಕಿ, ಭುಜ ತಟ್ಟುವ ಕೊನೆಯ ಸನ್ನೆ ಹೇಳಿಕೊಡುವಾಗ ಅಶ್ವಿನಿ ಕೈ ಹಿಂದೆ ತೆಗೆದಳು.

"ಅದು ನಂಗೆ ಆಗೂದಿಲ್ಲ ಚಿಕ್ಕಮ್ಮ. ಅವತ್ತು ನಾನು ಅಲ್ಲೇ ಇದ್ದೆ. ದೇಖಾ ಮೈನೇ."

ಕತ್ತಲೆಯಲ್ಲಿ ಅವಳ ಮುಖ ನನಗೆ ಕಾಣಲಿಲ್ಲ. ನೋಡಿದವಳು ಒಬ್ಬಳಿದ್ದಳು, ನೋಡಿಯೂ ನನ್ನ ಜೊತೆಗೇ ಬರುತ್ತೇನೆಂದಳು. ಎದೆಯಲ್ಲಿ ಒಬ್ಬಳೇ ಹೊತ್ತದ್ದು ತುಸು ಇಳಿದಂತಾಯಿತು. "ಬೇಡ," ಎಂದೆ, "ನಿನ್ನ ಸನ್ನೆ ನೀನೇ ಮಾಡ್ಕೋ." ಅವಳು ಯೋಚಿಸಿ, ಚಿಕ್ಕಪ್ಪನ ಕಿರುಬೆರಳನ್ನು ಹಿಡಿದು ಮೆಲ್ಲಗೆ ಒತ್ತಿದಳು. ನಟಿಗೂ ಫೋನಿನಲ್ಲಿ ಹಾಗೆಂದೇ ತಿಳಿಸಿದೆವು.

ಮೊದಲ ಪ್ರಯೋಗ ಭಾನುವಾರ ಮಧ್ಯಾಹ್ನ, ಉಪನಗರದ ನಾಟಕಗೃಹವೊಂದರಲ್ಲಿ. ಸನಾದಿ ಶುರುವಾಯಿತು. ನಟಿ ಕತ್ತಲೆಗೆ ಓಡಿಬಂದು ನನ್ನೆದುರು ನಿಂತಳು. ಬಿಳಿ ಸೀರೆ ಇಳಿಯಿತು, ಹಸಿರು ಏರಿತು. ಮಂಡಿಯೂರಿ ಕ್ಲಿಪ್ಪು ಕಿತ್ತು ನಿರಿಗೆ ಸಿಕ್ಕಿಸಿದೆ, ಅಂಚನ್ನು ಜಗ್ಗಿದೆ. ನನ್ನ ಕೆಲಸ ಅಷ್ಟಕ್ಕೇ ಮುಗಿಯಿತು. ಮೇಲೆ ಏನಾಗುತ್ತಿದೆ ಎಂದು ತಿಳಿಯುವಂತಿಲ್ಲ, ಕಾಯಬೇಕು. ನಿರಿಗೆ ಹಿಡಿದವಳಿಗೆ ಕೊನೆಯದು ಯಾವಾಗಲೂ ಇನ್ನೊಬ್ಬಳ ಕೈಯಲ್ಲಿ ಎಂದು ನನಗೆ ಆಗ ತಿಳಿಯಿತು. ಇಷ್ಟು ವರ್ಷ ಅಕ್ಕ ಹೀಗೆ ನನ್ನನ್ನು ನಂಬಿ ತಲೆತಗ್ಗಿಸಿ ಕೂತಿದ್ದಳು. ಸನಾದಿಯ ಕೊನೆಯ ಎಳೆ ಕೇಳುತ್ತಿತ್ತು. ನನ್ನ ಮುಖದೆದುರಿನ ಹಸಿರು ಅಲುಗಾಡಿತು, ನಟಿ ತಿರುಗಿದಳು.

ಹಿಂದೆ ನಿಲ್ಲುತ್ತಿದ್ದ ನಾನು ಇಷ್ಟು ವರ್ಷ ಕಂಡದ್ದು ದೂರವಾಗುವ ತುರುಬನ್ನು, ಬೆನ್ನನ್ನು. ನೆಲದ ಮಟ್ಟದಿಂದ ಕಾಣುವುದು ಬೇರೆ. ರಂಗದ ಬೆಳಕು ಹಲಗೆಯ ಮೇಲೆ ಒಂದು ಗೆರೆಯಾಗಿ ಹರಿದುಬರುತ್ತದೆ. ಎರಡು ಬರಿಗಾಲು ಆ ಗೆರೆಯ ಅಂಚಿನಲ್ಲಿ ಒಂದು ಕ್ಷಣ ಅಳುಕಿ, ಹೆಬ್ಬೆರಳು ಒತ್ತಿ, ದಾಟುತ್ತವೆ. ದಾಟಿದ ಕೂಡಲೇ ಅವು ಮದುಮಗಳ ಕಾಲಾಗುತ್ತವೆ. ನಿರಿಗೆ ಪಾದದ ಮೇಲೆ ಬಿಡಿಸಿಕೊಂಡು ಹೆಜ್ಜೆಯ ಜೊತೆಗೇ ನಡೆಯುತ್ತದೆ. ಅಕ್ಕ ನೋಡುತ್ತಿದ್ದದ್ದು ಇದನ್ನು. ಇಷ್ಟು ಚಂದದ್ದೊಂದನ್ನು ಪ್ರತಿ ಪ್ರಯೋಗದಲ್ಲೂ ಕಂಡು, ಮನೆಗೆ ಬಂದು ಸುಮ್ಮನೆ ಅಕ್ಕಿ ತೊಳೆಯುತ್ತಿದ್ದಳಲ್ಲ ಎನ್ನಿಸಿತು.

ಹೊರಗೆ ಚಪ್ಪಾಳೆ ಬಿತ್ತು. ನನ್ನ ಮಂಡಿ ಮರಗಟ್ಟಿತ್ತು, ನಾನು ಏಳುವ ಯೋಚನೆಯನ್ನೇ ಮಾಡಿರಲಿಲ್ಲ. ಕತ್ತಲೆಯಲ್ಲಿ ಒಂದು ಎಡಗೈ ನನ್ನ ತೋಳನ್ನು ಹುಡುಕಿ ಹಿಡಿಯಿತು. ಅಶ್ವಿನಿ ನನ್ನ ಕಿವಿಯ ಹತ್ತಿರ ಬಗ್ಗಿ, ಮೊದಲ ಸಾಲಿಗೆ ಕೇಳದಷ್ಟು ಮೆಲ್ಲಗೆ, "ಉಠೋ ಚಿಕ್ಕಮ್ಮ, ಮುಂದಿನ ಸೀರೆ ಮಡಚ್ಲಿಕ್ಕುಂಟು," ಎಂದಳು.