ಹಸಿರಲ್ಲೇ ನಿಂತ ಪರದೆ

ತಗಡು ಒತ್ತುವ ಆ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ನನ್ನು ಎಲ್ಲರೂ ಆಟಿಕೆ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಮಕ್ಕಳು ಆಡಿ ಬಿಸಾಕಿದ ಟ್ಯಾಬ್ಲೆಟ್ಟುಗಳನ್ನು ಅವನು ಗುಜರಿಯಿಂದ ತರುತ್ತಿದ್ದ. ದಪ್ಪ ರಬ್ಬರಿನ ಕವಚ, ಅದರ ಮೂಲೆಯಲ್ಲಿ ಹಾಲುಹಲ್ಲಿನ ಗುರುತು. ಒಳಗಿದ್ದ ಹಾಡು, ಬಣ್ಣದ ಆಟ ಎಲ್ಲವನ್ನೂ ಅಳಿಸಿ, ಲಿನಕ್ಸ್ ಎಂಬ ಬಿಟ್ಟಿ ತಂತ್ರಾಂಶ ಹಾಕಿ, ತಾನೇ ಬರೆದ ಪುಟ್ಟ ಪ್ರೋಗ್ರಾಂ ಕೂರಿಸುತ್ತಿದ್ದ. ಅದಕ್ಕಿದ್ದದ್ದು ಒಂದೇ ಕೆಲಸ. ಪ್ರೆಸ್ಸಿನ ಹಿಂಬದಿಯಲ್ಲಿ ಸಿಕ್ಕಿಕೊಂಡ ತಗಡು ಬಿಡಿಸಲು ಒಳಗೆ ಕೈ ಹಾಕುವವನು ಅಲ್ಲಿನ ಸ್ವಿಚ್ ಒತ್ತಿದರೆ, ಮುಂದೆ ಕೂತ ಆಪರೇಟರನ ಎದುರಿನ ಪರದೆ ಕೆಂಪಾಗಬೇಕು, ಪೆಡಲ್ ತುಳಿದು ಪ್ರೆಸ್ ಇಳಿಸಬೇಡ ಎಂದು. ಕೈ ಹೊರಬಂದ ಮೇಲೆ ಹಸಿರು. ಹಿಂದೊಮ್ಮೆ ಯಂತ್ರದಡಿಯಿಂದ ಒಬ್ಬನ ಬೆರಳುಗಳನ್ನು ಹೆಕ್ಕಿ ಕರವಸ್ತ್ರದಲ್ಲಿ ಕಟ್ಟಿಕೊಟ್ಟವನು ಅವನೇ. ಅಂದಿನಿಂದ ತಲೆಗೆ ಹತ್ತಿದ ಯೋಚನೆ ಇದು.

ಸ್ವಿಚ್ಚಿನ ಸುದ್ದಿ ಪರದೆಗೆ ಬರುತ್ತಿದ್ದದ್ದು ವೈಫೈ ಮೂಲಕ. ಅದು ಕೈಕೊಟ್ಟಾಗಲೆಲ್ಲ ಪರದೆ ಕಪ್ಪಾಗಿ ಕೆಲಸ ನಿಲ್ಲುತ್ತಿತ್ತು. ಫೋರ್‌ಮನ್ ಅವನ ತಲೆಯನ್ನು ಗೋಡೆಗೆ ಚಚ್ಚಿ, ಇನ್ನೊಮ್ಮೆ ಕಪ್ಪಾದರೆ ಆಟಿಕೆಗಳ ಜೊತೆ ನಿನ್ನನ್ನೂ ಗುಜರಿಗೆ ಹಾಕುತ್ತೇನೆ ಎಂದ. ಹಣೆಯ ರಕ್ತ ಒರೆಸಿಕೊಂಡು ಅವನು ಪ್ರೋಗ್ರಾಂ ತಿದ್ದಿದ: ಸುದ್ದಿ ಬಾರದಿದ್ದರೆ ಕೊನೆಯ ಬಣ್ಣವೇ ಉಳಿಯಲಿ. ಎಲ್ಲರಿಗೂ ಖುಷಿಯಾಯಿತು. ಅಲ್ಲೇ ಕೆಲಸಕ್ಕಿದ್ದ ಅವನ ಭಾಮೈದನಂತೂ, ಭಾವನ ಆಟಿಕೆಗಳಿಗೂ ಬುದ್ಧಿ ಬಂತು ಎಂದು ನಕ್ಕ.

ಆ ಭಾಮೈದನೇ ಒಂದು ಮಧ್ಯಾಹ್ನ ಸ್ವಿಚ್ ಒತ್ತಿ ಎರಡೂ ಕೈ ಒಳಗೆ ಹಾಕಿದ. ವೈಫೈ ಸತ್ತಿತ್ತು. ಪರದೆ ಹಸಿರಲ್ಲೇ ನಿಂತಿತ್ತು. ಆಪರೇಟರ್ ಪೆಡಲ್ ತುಳಿದ.

ಗಾಯಾಳುವನ್ನು ವ್ಯಾನಿಗೆ ಹಾಕುವಷ್ಟರಲ್ಲಿ ವೈಫೈ ಮರಳಿ ಪರದೆ ಕೆಂಪಾಗಿತ್ತು. ಕೆಂಪಿದ್ದರೂ ತುಳಿದಿದ್ದಾನೆ ನೋಡಿ ಎಂದು ಫೋರ್‌ಮನ್ ಬೆರಳು ತೋರಿಸಿದ್ದೇ ತಡ, ಜನ ಆಪರೇಟರನ ಮೇಲೆ ಬಿದ್ದರು. ಸ್ಪ್ಯಾನರಿನ ಒಂದೇ ಏಟಿಗೆ ಹಲ್ಲು ಉದುರಿದವು. ಬೂಟುಗಾಲುಗಳು ಪಕ್ಕೆಗಳನ್ನು ಒದ್ದವು. ಹಸಿರಿತ್ತು, ಹಸಿರಿತ್ತು ಎಂದು ಅವನು ರಕ್ತ ತುಂಬಿದ ಬಾಯಲ್ಲೇ ಗೊಗ್ಗರಿಸುತ್ತಿದ್ದ. ಇನ್ನೆರಡು ಏಟು ಬಿದ್ದಿದ್ದರೆ ಪ್ರಾಣ ಹೋಗುತ್ತಿತ್ತು. ಆಟಿಕೆ ಮೇಷ್ಟ್ರು ಸುಮ್ಮನಿದ್ದಿದ್ದರೆ ನಿಜ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವನು ನುಗ್ಗಿ ಆಪರೇಟರನ ಮೇಲೆ ಅಡ್ಡ ಬಿದ್ದ.

"ಅವನನ್ನ ಬಿಡಿ. ಪರದೆ ಹಸಿರೇ ಇತ್ತು. ಹಾಗೆ ನಿಲ್ಲೋ ಥರ ಮಾಡಿದ್ದು ನಾನು."

ಎತ್ತಿದ ಕೈಗಳು ಗಾಳಿಯಲ್ಲೇ ನಿಂತವು.

"ಸ್ವಂತ ಭಾಮೈದನ ಕೈನೇ ತಿಂದ್ಯಲ್ಲೋ ಮೇಷ್ಟ್ರೇ," ಎಂದ ಒಬ್ಬ, ಬಲು ಮೆತ್ತಗೆ. ಆಮೇಲೆ ಅದೇ ಸ್ಪ್ಯಾನರ್ ಮೇಷ್ಟ್ರ ಕೆನ್ನೆಯ ಮೇಲೆ ಇಳಿಯಿತು.

ಆಸ್ಪತ್ರೆಯಲ್ಲಿ ಅವನಿಗೆ ಸಿಕ್ಕಿದ್ದು ಭಾಮೈದನ ಪಕ್ಕದ ಮಂಚ. ಹೆಂಡತಿ ಬಂದು ತಮ್ಮನ ಮೊಂಡುಕೈಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಗಂಡನ ಕಡೆ ತಿರುಗಿದಳು.

"ನೀವೇ ಮಾಡಿದ್ದಂತೆ. ಹೌದಾ?"

ಅವನು ಹೌದೆಂದು ತಲೆಯಾಡಿಸಿದ. ಅವಳು ಬ್ಯಾಂಡೇಜಿನ ಮೇಲೆಯೇ ಬಾರಿಸಿದಳು. ಹೊಲಿಗೆ ಬಿಚ್ಚಿ ರಕ್ತ ಕುತ್ತಿಗೆಗೆ ಇಳಿಯಿತು. ಅದನ್ನು ತನ್ನ ಸೆರಗಿನಿಂದ ಒತ್ತಿ ಹಿಡಿದವಳೂ ಅವಳೇ.

ಎದ್ದು ಕೂರುವಂತಾದ ಮೇಲೆ ಭಾಮೈದನಿಗೆ ಊಟ ಮಾಡಿಸುವ ಕೆಲಸವನ್ನು ಅವನೇ ವಹಿಸಿಕೊಂಡ. ಮೊದಲ ತುತ್ತನ್ನು ಆತ ಭಾವನ ಮುಖಕ್ಕೇ ಉಗಿದ. ಆಮೇಲಿನದನ್ನೂ ಉಗಿದ. ಅವನು ಮುಖ ಒರೆಸಿಕೊಂಡು ಇನ್ನೊಂದು ತುತ್ತು ಹಿಡಿದ. ಹಸಿವು ತಾಳಲಾರದೆ ಆತ ಕಣ್ಣು ಮುಚ್ಚಿ ಬಾಯಿ ತೆರೆದ.