ಬೆಕ್ಕು ಮುಟ್ಟಿದ ಕೈ

ಹೊಸಹೊಳಲಿನ ಲಕ್ಷ್ಮೀನಾರಾಯಣನ ದರ್ಶನ ಮುಗಿಸಿ ಬರುವಾಗ ಸಿಂಧಘಟ್ಟದ ಬಳಿ ಬಸ್ಸು ಕೆಟ್ಟಿತು. ಕೆರೆ ಏರಿಯಲ್ಲಿ ಗಾಳ ಹಾಕಿ ಕೂತಿದ್ದವನಿಗೆ ಹೊತ್ತು ಕಳೆಯಲೆಂದು ಗಾಳಕ್ಕೆ ಸಿಕ್ಕಿಸುವ ರಾಗಿಹಿಟ್ಟಿನ ಉಂಡೆ ಕಟ್ಟಿಕೊಟ್ಟೆ. ಸಂಜೆ ಅವನ ಮನೆಗೆ ಹೊಸ ಅಳಿಯ ಬರುವವನಿದ್ದ. ಮೀನಿನ ಸಾರು ಆಗಲೇಬೇಕಿತ್ತು. ಒಂದು ಮೀನೂ ಕಚ್ಚಲಿಲ್ಲ. ಅವನು ನನ್ನ ಕೈ ಮೂಸಿದ.

"ಮನೇಲಿ ಬೆಕ್ಕು ಸಾಕಿದ್ದೀರಾ ಸ್ವಾಮಿ?"

"ಹೂಂ, ಮುದ್ದು ಮಾಡಿಯೇ ಹೊರಟೆ."

"ಅಂಗನ್ನಿ ಮತ್ತೆ! ಬೆಕ್ಕಿನ ವಾಸ್ನೆಗೆ ಮೀನು ಅತ್ರ ಬತ್ತವಾ?"

ಅವನೇ ಬೇರೆ ಉಂಡೆ ಕಟ್ಟಿದ. ಅದನ್ನೂ ಮೀನು ಮುಟ್ಟಲಿಲ್ಲ. ನಾನು ಕಣ್ಮುಚ್ಚಿ ಕೈಮುಗಿದೆ.

"ಯಾರ್ನ ಬೇಡ್ಕಂಡ್ರಿ?"

"ನಾರಾಯಣನನ್ನ."

"ಮೀನಾಗಿ ಅವ್ತಾರ ಎತ್ತಿದೋನ್ನಾ? ಬುಡಿ ಸ್ವಾಮಿ, ನಿಮ್ ಬೆಕ್ಕೇ ವಾಸಿ!" ಎಂದು ಗಾಳ ಸುತ್ತಿಕೊಂಡು ಹೊರಟ.

ಅಳಿಯನಿಗೆ ಸೊಪ್ಪಿನ ಬಸ್ಸಾರೇ ಗತಿಯಾಗಿರಬೇಕು. ಭಗವಂತ ತನ್ನವರನ್ನು ಕೈಬಿಡುವುದಿಲ್ಲವೆಂಬ ನನ್ನ ನಂಬಿಕೆ ಮಾತ್ರ ಇನ್ನಷ್ಟು ಗಟ್ಟಿಯಾಯಿತು.