ತಿಂದ ಮೇಲೆ ಏನು ಮಾಡಿದಿರಿ?

ಬಸ್ಸು ಹಿಡಿಯಲು ಓಡಿದ ಒಂದು ಬೆಳಗ್ಗೆ ನನಗೆ ಮೊದಲ ಸಲ ಹಾಗಾಯಿತು. ಆಗ ನನಗೆ ಮೂವತ್ತೊಂಬತ್ತು. ನಾವು ಕುಂದಾಪುರದ ಕಡೆಯವರು. ಗಂಡನಿಗೆ ಗುಜರಾತಿನ ಕೊಯಾಲಿಯ ರಿಫೈನರಿಯಲ್ಲಿ ಕೆಲಸ, ಅಲ್ಲೇ ಟೌನ್‌ಶಿಪ್‌ನಲ್ಲಿ ಮನೆ. ನಾನು ವಡೋದರಾ ಪೇಟೆಯ ಒಂದು ವಿಮಾ ಕಚೇರಿಗೆ ಹೋಗಿಬರುತ್ತಿದ್ದೆ. ಮಗಳನ್ನು ಮೂರು ವರ್ಷದ ಕೂಸಾಗಿ ಎತ್ತಿಕೊಂಡು ಬಂದಿದ್ದೆವು, ಅವಳು ಆಗ ಒಂಬತ್ತನೇ ಕ್ಲಾಸು.

ಆ ದಿನ ಪಕ್ಕದ ಮನೆಯ ಗುಜರಾತಿ ಬೆನ್, ಅಂದರೆ ಅಕ್ಕ, ಬಿಸಿಬಿಸಿ ಥೇಪ್ಲಾ ಕಳಿಸಿದ್ದರು. ಮೆಂತ್ಯ ಸೊಪ್ಪು ಹಾಕಿದ, ಕಾಗದದಷ್ಟು ತೆಳುವಾದ ಗೋಧಿ ರೊಟ್ಟಿ. ನಿಂತಲ್ಲೇ ನಾಲ್ಕು ತಿಂದೆ. ಗೇಟಿನ ಹತ್ತಿರ ಬರುವಾಗ ಬಸ್ಸು ಹೊರಟಿತ್ತು. ಸೀರೆಯ ನೆರಿಗೆ ಎತ್ತಿ ಹಿಡಿದು ಓಡಿ, ಹೇಗೋ ಹತ್ತಿಕೊಂಡೆ.

ಸೀಟು ಸಿಕ್ಕಿ ಕೂತ ಸ್ವಲ್ಪ ಹೊತ್ತಿಗೆ ಅಂಗೈ ತುರಿಸಲು ಶುರುವಾಯಿತು. ಆಮೇಲೆ ಕಿವಿಯ ಒಳಗೆ, ನೆತ್ತಿಯಲ್ಲಿ, ಅಂಗಾಲಿನಲ್ಲಿ. ರವಿಕೆಯ ತೋಳಿನ ಕೆಳಗೆ ನೋಡಿದರೆ ಕೆಂಪಗೆ ಗಂಧೆ ಎದ್ದಿತ್ತು, ನಾನು ನೋಡುತ್ತಿರುವಂತೆಯೇ ಒಂದಕ್ಕೊಂದು ಸೇರಿಕೊಂಡು ದೊಡ್ಡದಾಗುತ್ತಿತ್ತು. ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗಾಯಿತು. ಎದುರಿನ ಸೀಟಿನವರ ಮುಖ ದೂರ ದೂರ ಹೋಯಿತು. ಮತ್ತೆ ಕಣ್ಣು ಬಿಟ್ಟದ್ದು ಒಂದು ದವಾಖಾನೆಯ ಬೆಂಚಿನ ಮೇಲೆ.

"ಬಿ.ಪಿ. ಇಳಿದಿತ್ತು, ರಕ್ತ ಕಮ್ಮಿಯಿರಬೇಕು," ಎಂದರು ಅಲ್ಲಿಯ ಡಾಕ್ಟರು. ತುರಿಕೆಗೆ ಒಂದು ಮಾತ್ರೆ, ರಕ್ತಕ್ಕೆ ಒಂದು ಟಾನಿಕ್ಕು ಕೊಟ್ಟರು. ಊರಿಗೆ ಫೋನ್ ಮಾಡಿದರೆ ಅಮ್ಮ, "ಅದ್ ಪಿತ್ತ ಮಗಾ. ಮೈಗೆ ಪುನರ್ಪುಳಿ ಹಣ್ಣ್ ತಿಕ್ಕು, ಎರಡ್ ದಿನದಾಗೆ ಹೋತ್ತ್," ಅಂದಳು. ಎರಡು ಗಂಟೆಯಲ್ಲೇ ಹೋಗಿತ್ತು. ಹಾಗಾಗಿ ನಾವು ಮರೆತೆವು. ಮೆಂತ್ಯ ಸೊಪ್ಪು ನನಗೆ ಆಗಿಬರುವುದಿಲ್ಲ ಎಂದು ಮಾತ್ರ ಮನಸ್ಸಿನಲ್ಲಿ ಗುರುತು ಮಾಡಿಕೊಂಡೆ.

ಎರಡನೆಯ ಸಲ ಹಾಗಾದದ್ದು ಸಂಜೆ, ಗರ್ಬಾ ಕ್ಲಾಸಿನಲ್ಲಿ. ನವರಾತ್ರಿಗೆ ಇನ್ನೂ ಒಂದು ತಿಂಗಳಿರುವಾಗಲೇ ಇಲ್ಲಿ ಹೆಂಗಸರೆಲ್ಲ ಹೆಜ್ಜೆ ಕಲಿಯಲು ಸೇರುತ್ತಾರೆ. ಟೌನ್‌ಶಿಪ್ಪಿನ ಹಾಲ್‌ನಲ್ಲಿ ಮಗಳು ಮತ್ತು ನಾನು ಒಟ್ಟಿಗೆ ಹೆಸರು ಕೊಟ್ಟಿದ್ದೆವು. ಅವತ್ತು ಕಚೇರಿಯಲ್ಲಿ ತಲೆನೋವು, ಒಂದು ನೋವಿನ ಮಾತ್ರೆ ನುಂಗಿದ್ದೆ. ಬರುವ ದಾರಿಯಲ್ಲಿ ಹಸಿವಾಗಿ, ಸೇವ್ ಉದುರಿಸಿದ ಬಟಾಣಿಯ ಉಸಳ್ ಜೊತೆ ಎರಡು ಪಾವ್ ಬನ್ನು ತಿಂದೆ. ಕುಣಿತ ಶುರುವಾಗಿ ಕಾಲು ಗಂಟೆ ಆಗಿರಬಹುದು. ಸುತ್ತು ವೇಗವಾಗುತ್ತಿತ್ತು. ಚಪ್ಪಾಳೆ ತಟ್ಟಲು ಕೈ ಜೋಡಿಸಿದಾಗ ಅಂಗೈ ಉರಿಯಿತು. ಗೊತ್ತಾಗಿಹೋಯಿತು. ಗುಂಪಿನಿಂದ ಹೊರಗೆ ಬರಬೇಕು ಅಂದುಕೊಂಡೆ, ಬರಲಾಗಲಿಲ್ಲ. ಗೋಡೆ ಹಿಡಿದೆ. ತುಟಿ ದಪ್ಪವಾಗಿ ಮಾತು ಹೊರಡಲಿಲ್ಲ. ಉಸಿರು ಒಳಗೆ ಹೋಗುವಾಗ ಸೀಟಿ ಊದಿದಂಥ ಸದ್ದು.

"ಶು ಥಯು, ಬೆನ್? ಶು ಥಯು?" ಏನಾಯಿತು ಎಂದು ಪಕ್ಕದ ಮನೆಯ ಬೆನ್ ನನ್ನ ಮುಖ ಹಿಡಿದು ಕೇಳುತ್ತಿದ್ದದ್ದು ನೆನಪಿದೆ. ಅವರೇ ತಮ್ಮ ಕಾರಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದರು. ಹಿಂದಿನ ಸೀಟಿನಲ್ಲಿ ನನ್ನ ತಲೆ ಮಗಳ ತೊಡೆಯ ಮೇಲಿತ್ತು. ಅವಳು ಅಳುತ್ತಿರಲಿಲ್ಲ. "ಅಮ್ಮ, ಸಾಂಸ್ ಲೇ. ಸಾಂಸ್ ಲೇ," ಎಂದು ಒಂದೇ ಸಮನೆ ಹೇಳುತ್ತಿದ್ದಳು. ಉಸಿರು ಎಳೆದುಕೋ ಎನ್ನಲು ಕನ್ನಡದ ಮಾತು ಆ ಹೊತ್ತಿಗೆ ಅವಳ ಬಾಯಿಗೆ ಬಂದಿರಲಿಲ್ಲ.

ಆಸ್ಪತ್ರೆಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಒಂದೂ ಪ್ರಶ್ನೆ ಕೇಳದೆ ತೊಡೆಗೆ ಸೂಜಿ ಚುಚ್ಚಿದರು. ಕೆಲವೇ ನಿಮಿಷಗಳಲ್ಲಿ ಗಂಟಲು ಬಿಟ್ಟಿತು. ಎದೆ ಮಾತ್ರ ಡವಡವ ಹೊಡೆದುಕೊಳ್ಳುತ್ತಿತ್ತು. ಶಿಫ್ಟಿನ ಬಟ್ಟೆಯಲ್ಲೇ ಓಡಿ ಬಂದ ನನ್ನ ಗಂಡನಿಗೆ ಅವರು ಹೇಳಿದರು: "ಇದು ಜೋರಾದ ಅಲರ್ಜಿ. ಇನ್ನೊಂದು ಹತ್ತು ನಿಮಿಷ ತಡವಾಗಿದ್ದರೆ ನಾನು ಏನೂ ಹೇಳುವಂತಿರಲಿಲ್ಲ. ಯಾವುದರಿಂದ ಬಂತು ಎಂದು ಮೊದಲು ಕಂಡುಹಿಡಿಯಿರಿ."

ಯಾವುದರಿಂದ? ನಾನು ಒಂದೊಂದಾಗಿ ಬಿಡುತ್ತ ಬಂದೆ. ಬಟಾಣಿ, ಶೇಂಗಾ, ಶೇಂಗಾ ಎಣ್ಣೆ, ಬದನೆ, ಮೀನು. ಪಕ್ಕದ ಮನೆಯಿಂದ ಬಂದ ತಟ್ಟೆಗಳನ್ನು ಮುಟ್ಟದೆ ವಾಪಸ್ಸು ಕೊಟ್ಟೆ. ಬೆನ್ ತಟ್ಟೆ ಕಳಿಸುವುದನ್ನು ನಿಲ್ಲಿಸಿದರು. ನನಗಾಗಿ ಕಾರು ಓಡಿಸಿದ ಹೆಂಗಸು ಅವರು. ಕಚೇರಿಯಲ್ಲಿ ಡಬ್ಬಿ ಬಿಚ್ಚಲು ಭಯ. ಅನ್ನ ಗಂಜಿ ತಿಂದೇ ದಿನ ಕಳೆದೆ. ಐದು ಕೆ.ಜಿ. ಇಳಿದೆ. ಕೈ ತುರಿಸಿದರೆ ಸಾಕು, ಸೊಳ್ಳೆ ಕಚ್ಚಿದ್ದಾದರೂ, ಕನ್ನಡಿಯ ಮುಂದೆ ಹೋಗಿ ತುಟಿ ನೋಡಿಕೊಳ್ಳುತ್ತಿದ್ದೆ.

ಗಂಡನಿಗೆ ಇದು ಹಿಡಿಸಲಿಲ್ಲ. ಮೆಷೀನುಗಳ ನಡುವೆ ಕೆಲಸ ಮಾಡುವ ಮನುಷ್ಯ. ಕಾರಣವಿಲ್ಲದೆ ಏನೂ ಕೆಡುವುದಿಲ್ಲ ಎಂದು ನಂಬಿದವರು. ಒಂದು ಭಾನುವಾರ ಮಧ್ಯಾಹ್ನ ಅವರು ಅಡಿಗೆಮನೆಗೆ ಬಂದರು.

"ಎಷ್ಟ್ ದಿನ ಹೀಂಗೆ ಗಂಜಿ ಕುಡಿತೆ? ನಿಂಗೆ ಹೆದ್ರಿಕೆ ಹಿಡ್ದಿತ್ತ್, ಅಷ್ಟೇ. ಮೈಗೆ ಎಂತದೂ ಇಲ್ಲೆ."

"ಉಸಿರು ಕಟ್ಟಿದ್ ನಂಗೆ. ನಿಮ್ಗಲ್ಲ."

"ಸರಿ. ಇವತ್ ನಾನ್ ಮನೆಯಗೇ ಇದ್ದೆ. ಕಾರಿನ ಕೀಲಿ ಕಿಸೆಯಗಿತ್ತ್. ನನ್ ಎದ್ರಿಗೇ ತಿನ್ನ್. ಕಾಂಬ."

ಚಪಾತಿ, ಬಟಾಣಿ ಪಲ್ಯ, ಶೇಂಗಾ ಚಟ್ನಿ. ಎಲ್ಲವನ್ನೂ ಒಂದೇ ತಟ್ಟೆಗೆ ಬಡಿಸಿದರು. ಸಿಟ್ಟಿನಲ್ಲೇ ನಾನು ಮೂರು ಚಪಾತಿ ತಿಂದೆ. ಆಮೇಲೆ ಕುರ್ಚಿಯಲ್ಲಿ ಕೈಗಳನ್ನು ಮೊಣಕಾಲ ಮೇಲೆ ಅಂಗಾತ ಇಟ್ಟುಕೊಂಡು ಕೂತೆ. ಅವರು ಎದುರಿಗೆ, ಮಗಳು ಬಾಗಿಲಲ್ಲಿ. ಮೂವರೂ ನನ್ನ ಅಂಗೈ ನೋಡುತ್ತ ಎರಡು ಗಂಟೆ ಕಳೆದೆವು. ಏನೂ ಆಗಲಿಲ್ಲ.

"ಕಂಡ್ಯಾ?" ಅಂದರು.

ನಾನು ಅತ್ತೆ. ಆಗದಿದ್ದದ್ದಕ್ಕೆ ಅತ್ತೆ. ಆಗಿದ್ದರೆ ಒಂದು ಉತ್ತರವಾದರೂ ಸಿಗುತ್ತಿತ್ತು. ಈಗ ನನ್ನ ತಲೆಯೇ ಸರಿಯಿಲ್ಲವೇನೋ ಎಂಬ ಅನುಮಾನ ನನಗೇ ಬಂದಿತ್ತು.

ಆಸ್ಪತ್ರೆಯ ಆ ಡಾಕ್ಟರು ಅಹಮದಾಬಾದಿನಲ್ಲಿ, ವಸ್ತ್ರಾಪುರದಲ್ಲಿರುವ ಒಬ್ಬ ಅಲರ್ಜಿ ಡಾಕ್ಟರ ವಿಳಾಸ ಬರೆದುಕೊಟ್ಟಿದ್ದರು. ಚೀಟಿ ತಿಂಗಳುಗಟ್ಟಲೆ ಪರ್ಸಿನಲ್ಲೇ ಇತ್ತು. ಕೊನೆಗೆ ಒಂದು ರಜೆ ಹಾಕಿ ಹೋದೆ. ಡಾಕ್ಟರು ಅರುವತ್ತು ದಾಟಿದ ಹೆಂಗಸು. ಆ ಭಾನುವಾರದ್ದೂ ಸೇರಿ ಆದದ್ದನ್ನೆಲ್ಲ ಹೇಳಿ, ನಾನು ಬಿಟ್ಟ ತಿಂಡಿಗಳ ಪಟ್ಟಿಯನ್ನು ಓದಲು ಶುರುಮಾಡಿದಾಗ ಕೈಯೆತ್ತಿ ತಡೆದರು.

"ಏನು ತಿಂದಿರಿ ಎಂದು ಎಲ್ಲರೂ ಕೇಳಿದ್ದಾರೆ," ಎಂದರು ಹಿಂದಿಯಲ್ಲಿ. "ತಿಂದ ಮೇಲೆ ಏನು ಮಾಡಿದಿರಿ?"

"ಏನು ಮಾಡುವುದು? ಮೊದಲ ಸಲ ಬಸ್ಸಿಗೆ ಓಡಿದೆ."

"ಎರಡನೆಯ ಸಲ?"

"ಗರ್ಬಾ."

"ಆ ಭಾನುವಾರ, ಗಂಡನ ಎದುರಿಗೆ?"

"ಕುರ್ಚಿಯಲ್ಲಿ ಕೂತಿದ್ದೆ."

ಅವರು ಕಾಗದದ ಮೇಲೆ ಎರಡು ಗೆರೆ ಎಳೆದು ವಿವರಿಸಿದರು. ಕೆಲವರಿಗೆ ಗೋಧಿ ಹೊಟ್ಟೆಯಲ್ಲಿರುವಾಗ ಮೈಗೆ ಶ್ರಮವಾದರೆ ಮಾತ್ರ ಹೀಗಾಗುತ್ತದೆ. ಗೋಧಿ ತಿಂದು ಸುಮ್ಮನೆ ಕೂತರೆ ಸಾಮಾನ್ಯವಾಗಿ ಏನೂ ಇಲ್ಲ. ತಿನ್ನದೆ ಓಡಿದರೂ ಏನೂ ಇಲ್ಲ. ಎರಡೂ ಸೇರಿದರೆ ಪ್ರಾಣಕ್ಕೇ ಬರಬಹುದು. ನೋವಿನ ಮಾತ್ರೆಗಳು ಅದನ್ನು ಇನ್ನೂ ಜೋರು ಮಾಡಬಲ್ಲವು. ಬಿಸಿಲು, ಜ್ವರ, ಮುಟ್ಟಿನ ದಿನಗಳೂ ಕೆಲವರಲ್ಲಿ ಸೇರಿಕೊಳ್ಳುತ್ತವೆ. ರಕ್ತದ ಪರೀಕ್ಷೆಗೆ ಬರೆದರು. ವಾರದ ಮೇಲೆ ಬಂದ ವರದಿ ಅವರ ಮಾತನ್ನೇ ಹೇಳಿತು.

ನಲವತ್ತು ವರ್ಷ ಇಲ್ಲದ್ದು ಈಗ ಹೇಗೆ ಎಂದು ಕೇಳಿದೆ. ಯಾವ ವಯಸ್ಸಿನಲ್ಲೂ ಶುರುವಾಗಬಹುದು ಎಂದರು. ಊರಿನಲ್ಲಿ ನಾನು ಬೆಳಗ್ಗೆ ಗಂಜಿ, ಮಧ್ಯಾಹ್ನ ಅನ್ನ ಉಂಡವಳು. ಗೋಧಿ ಎಂದರೆ ಜ್ವರ ಬಂದಾಗಿನ ಬ್ರೆಡ್ಡು. ಇಲ್ಲಿಗೆ ಬಂದ ಮೇಲೆ ಮೂರು ಹೊತ್ತೂ ಅದೇ ಆಗಿತ್ತು. ಅದಕ್ಕೂ ಇದಕ್ಕೂ ಸಂಬಂಧ ಇದೆಯೋ ಇಲ್ಲವೋ ಹೇಳಲಾಗದು ಎಂದರು ಅವರು.

"ತಿಂದ ಮೇಲೆ ಕೆಲವು ಗಂಟೆ ಸುಮ್ಮನಿದ್ದರೆ ಸಾಕಲ್ಲವೇ?"

"ಸುಮ್ಮನಿರಲು ಜೀವನ ಬಿಡುತ್ತದೆಯೇ? ಲಿಫ್ಟು ಕೆಡುತ್ತದೆ, ನಾಯಿ ಅಟ್ಟಿಸಿಕೊಂಡು ಬರುತ್ತದೆ. ಗೋಧಿ ಪೂರ್ತಿ ಬಿಡಿ."

ಹೊರದೇಶಗಳಲ್ಲಿ ಚುಚ್ಚಿದರೆ ತಾನೇ ಔಷಧಿ ಹೋಗುವ ಪೆನ್ನಿನಂಥದ್ದು ಇದೆಯಂತೆ, ಇಲ್ಲಿ ಸಿಗುವುದು ಕಷ್ಟ. ಹಾಗಾಗಿ ಅಂದು ಆಸ್ಪತ್ರೆಯಲ್ಲಿ ಚುಚ್ಚಿದ ಅದೇ ಔಷಧಿ, ಅಡ್ರಿನಲಿನ್ ತುಂಬಿದ ಗಾಜಿನ ಪುಟ್ಟ ಸೀಸೆ, ಸಿರಿಂಜು ಬರೆದುಕೊಟ್ಟರು. ಸಿರಿಂಜಿನ ಮೇಲೆ ಎಷ್ಟು ಎಳೆಯಬೇಕು ಎಂಬಲ್ಲಿಗೆ ಕೆಂಪು ಟೇಪು ಸುತ್ತಿದರು. ನನ್ನ ಜೊತೆ ಇರುವವರೆಲ್ಲ ಇದನ್ನು ಕಲಿಯಬೇಕು ಎಂದರು.

ಮನೆಯಲ್ಲಿ ನನ್ನ ಗಂಡ ವರದಿಯನ್ನು ಎರಡು ಸಲ ಓದಿದರು. ಡಬ್ಬದ ಗೋಧಿ ಹಿಟ್ಟನ್ನು ಎತ್ತಿಕೊಂಡು ಹೋಗಿ ಪಕ್ಕದ ಮನೆಗೆ ಕೊಟ್ಟು ಬಂದರು. ಬೆನ್‌ಗೆ ವಿಷಯವನ್ನೆಲ್ಲ ಅವರೇ ತಿಳಿಸಿದ್ದರು. ಮರುದಿನ ಬೆನ್ ಸಜ್ಜೆಯ ರೋಟ್ಲಾ, ಮೇಲೆ ಬೆಣ್ಣೆ ಇಟ್ಟುಕೊಂಡು ಬಂದು, "ಇದರಲ್ಲಿ ಒಂದು ಕಾಳು ಗೋಧಿಯಿಲ್ಲ, ಹಿಟ್ಟು ನಾನೇ ಬೀಸಿದ್ದು," ಎಂದು ನನ್ನ ಮುಂದೆಯೇ ಕೂತರು.

ಸೂಜಿ ಕಲಿತದ್ದು ಹೆಚ್ಚಾಗಿ ಮಗಳು. ಸೂಜಿ ಕಂಡರೆ ಅವಳಪ್ಪ ಮುಖ ತಿರುಗಿಸುತ್ತಿದ್ದರು. ಅವಳು ಉಪ್ಪುನೀರು ತುಂಬಿ ಕಿತ್ತಳೆ ಹಣ್ಣಿಗೆ ಚುಚ್ಚಿ ಚುಚ್ಚಿ ಅಭ್ಯಾಸ ಮಾಡಿದಳು.

ಒಂದು ವರ್ಷ ಏನೂ ಆಗಲಿಲ್ಲ. ನಾನು ಮೈತುಂಬಿಕೊಂಡೆ, ನಗಲು ಶುರುಮಾಡಿದೆ, ಸ್ವಲ್ಪ ಮೈಮರೆತೆ.

ಆ ವರ್ಷದ ತಪಾಸಣೆಗೆ ಮಗಳ ಜೊತೆ ಅಹಮದಾಬಾದಿಗೆ ಹೋಗಿದ್ದೆ. ಡಾಕ್ಟರನ್ನು ಕಂಡು ಹೊರಬಂದಾಗ ಮಧ್ಯಾಹ್ನ. ಸ್ಟೇಷನ್ನಿನ ದಾರಿಯಲ್ಲಿ ನಮ್ಮ ಕಡೆಯವರದೊಂದು ಸಣ್ಣ ಹೋಟೆಲು ಕಂಡಿತು. ಕನ್ನಡ ಬೋರ್ಡು, ಒಳಗಿನಿಂದ ತೆಂಗಿನೆಣ್ಣೆ ಒಗ್ಗರಣೆಯ ಪರಿಮಳ. ನೀರುದೋಸೆ ಇದೆ ಎಂದರು. ನೀರುದೋಸೆ ಎಂದರೆ ಅಕ್ಕಿ, ನೀರು, ಉಪ್ಪು. ಅದರಲ್ಲಿ ಕೇಳುವಂಥದ್ದು ಏನಿದೆ? ಮಗಳು ಮಾತ್ರ, "ಅಮ್ಮ, ಪೂಛ್ ಲೇ ನಾ, ಕೇಳು ಒಂದ್ಸಲ," ಅಂದಳು. "ನಮ್ಮ ದೋಸೆ ನಂಗೆ ಗೊತ್ತಿಲ್ವಾ?" ಅಂದೆ. ಆರು ತಿಂದೆ.

ಸ್ಟೇಷನ್ನಿನಲ್ಲಿ ಕೊನೆಯ ಗಳಿಗೆಯಲ್ಲಿ ಪ್ಲಾಟ್‌ಫಾರಂ ಬದಲಾಯಿತು ಎಂದು ಕೂಗಿದರು. ಜನರೊಟ್ಟಿಗೆ ನಾವೂ ಸೇತುವೆಯ ಮೆಟ್ಟಿಲು ಹತ್ತಿ, ಓಡಿ, ಇಳಿದೆವು. ಕೆಳಗಿನ ಮೆಟ್ಟಿಲಲ್ಲಿ ಕಂಬಿ ಹಿಡಿದಾಗ ಅಂಗೈ ತುರಿಸಿತು. ಬಿಸಿಲಿಗೆ ಕಂಬಿ ಕಾದಿದೆ ಎಂದು ನನಗೆ ನಾನೇ ಹೇಳಿಕೊಂಡೆ. ರೈಲು ನಿಂತಿತ್ತು. ಹತ್ತಿಬಿಟ್ಟರೆ ಎರಡು ಗಂಟೆಯಲ್ಲಿ ಮನೆ ಎಂದೂ ಯೋಚಿಸಿದೆ. ಆಗ ಮಗಳು ನನ್ನ ಕುತ್ತಿಗೆ ನೋಡಿದಳು.

"ಅಮ್ಮ, ರುಕ್. ಗಂಧೆ ಬಂದಿದೆ."

"ಹತ್ತುವ. ಒಳಗೆ ಕೂತರೆ..."

"ಇಲ್ಲ! ಲೇಟ್ ಜಾ. ಇಲ್ಲೇ ಮಲಗು!"

ಪ್ಲಾಟ್‌ಫಾರಂ ನೆಲದ ಮೇಲೆ ನನ್ನನ್ನು ಮಲಗಿಸಿದಳು, ಕಾಲ ಕೆಳಗೆ ಬ್ಯಾಗು ಇಟ್ಟಳು. ಜನ ಮುತ್ತಿದರು. ಯಾರೋ ನನ್ನನ್ನು ಎಬ್ಬಿಸಿ ಕೂರಿಸಲು ನೋಡಿದರು, ಇನ್ಯಾರೋ ನೀರಿನ ಬಾಟಲಿ ಬಾಯಿಗೆ ತಂದರು. "ಕೋಯಿ ಪಾನಿ ಮತ್ ದೋ! ಬಿಠಾನಾ ಮತ್!" ಎಂದು ಅವಳು ಕಿರುಚಿದಳು. ಹದಿನಾರರ ಹುಡುಗಿಯ ಆ ಕೂಗಿಗೆ ಗಂಡಸರು ಹಿಂದೆ ಸರಿದರು. ಸೀಸೆಯ ಕುತ್ತಿಗೆ ಮುರಿದ ಟಕ್ ಎಂಬ ಸದ್ದು ಕೇಳಿತು. ನನ್ನ ಕಣ್ಣ ಅಂಚುಗಳು ಕಪ್ಪಾಗುತ್ತಿದ್ದವು. ಉಸಿರು ಸಾಲುತ್ತಿರಲಿಲ್ಲ. ಅವಳು ಸಿರಿಂಜನ್ನು ಬೆಳಕಿಗೆ ಹಿಡಿದು ಟೇಪಿನ ಗೆರೆ ನೋಡುವುದು ಕಂಡಿತು, ಆ ಗಳಿಗೆ ಬಹಳ ಉದ್ದವಿತ್ತು. ಆಮೇಲೆ ಸಲ್ವಾರಿನ ಮೇಲಿನಿಂದಲೇ ತೊಡೆಗೆ ಚುಚ್ಚಿದಳು.

ನಮ್ಮ ರೈಲು ಹೊರಟುಹೋಯಿತು. ಆ್ಯಂಬುಲೆನ್ಸ್ ಬರುವಷ್ಟರಲ್ಲಿ ಗಂಟಲಿನ ಬಿಗಿ ಸಡಿಲವಾಗಿತ್ತು. ಮತ್ತೆ ತಿರುಗಿ ಬರಬಹುದು ಎಂದು ಆಸ್ಪತ್ರೆಯಲ್ಲಿ ಒಂದು ದಿನ ಇಟ್ಟುಕೊಂಡರು. ವಡೋದರಾದಿಂದ ಬಂದ ನನ್ನ ಗಂಡ ಮಗಳ ತಲೆಯ ಮೇಲೆ ಕೈಯಿಟ್ಟು ನಿಂತರು, ಬಹಳ ಹೊತ್ತು ತೆಗೆಯಲೇ ಇಲ್ಲ.

ಬಿಡುಗಡೆಯಾದ ದಿನ ಆ ಹೋಟೆಲಿಗೆ ಹೋದೆವು. ಜಗಳಕ್ಕಲ್ಲ, ತಿಳಿದುಕೊಳ್ಳಲು. ಯಜಮಾನರು ಗಲ್ಲಾದಿಂದ ಎದ್ದು ಬಂದರು. ನಾನು ಹೇಳಿದ್ದನ್ನೆಲ್ಲ ಕೇಳಿ ಅವರ ಮುಖ ಬಿಳುಪೇರಿತು.

"ಅಕ್ಕಾ, ಒಂದೆರಡು ಮುಷ್ಟಿ ಮೈದಾ ಹಾಕುದು ಹೌದು, ಅದು ಗೋಧಿಯದ್ದೇ. ಇಲ್ಲಿಯ ಅಕ್ಕಿಗೆ ದೋಸೆ ಕಾವಲಿಯಿಂದ ಏಳುದಿಲ್ಲ, ಹರಿತದೆ. ಯಾರಿಗೂ ಎಂತ ಆದದ್ದಿಲ್ಲ. ನೀವು ಒಂದು ಮಾತು ಕೇಳಿದ್ರೆ ಹೇಳ್ತಿದ್ದೆ."

ಕೇಳಿರಲಿಲ್ಲ. ಅಪರಿಚಿತರ ಅಡಿಗೆಯಲ್ಲಿ ನೂರು ಪ್ರಶ್ನೆ ಕೇಳಿದವಳು ನಮ್ಮವರ ಅಡಿಗೆಯಲ್ಲಿ ಒಂದೂ ಕೇಳಿರಲಿಲ್ಲ.

ಎಲ್ಲರೂ ಮಗಳ ಧೈರ್ಯ ಹೊಗಳಿದರು. ಅವಳು ಮಾತ್ರ ಆ ದಿನದ ಬಗ್ಗೆ ಮಾತೆತ್ತುತ್ತಿರಲಿಲ್ಲ. ಹೊಗಳಿದವರ ಎದುರಿನಿಂದ ಎದ್ದು ಹೋಗುತ್ತಿದ್ದಳು. ಕೆಲವು ತಿಂಗಳ ಮೇಲೆ ಒಂದು ಸಂಜೆ, ಬಟ್ಟೆ ಮಡಚುತ್ತಿದ್ದಾಗ, ತಾನಾಗಿಯೇ ಹೇಳಿದಳು.

"ನಾನು ಬ್ರೇವ್ ಅಲ್ಲ ಅಮ್ಮ. ನಂಗೆ ಸಿಟ್ಟಿತ್ತು. ತುಂಬಾ. ನಾನು ಕೇಳು ಅಂದೆ, ನೀನು ಕೇಳ್ಲಿಲ್ಲ. ನೀನು ಸತ್ರೆ ನಾನು ಅದೇ ಯೋಚನೆ ಮಾಡ್ತಾ ಇರ್ಬೇಕಿತ್ತು, ಲೈಫ್ ಫುಲ್."

ತಪ್ಪಾಯಿತು ಅಂದೆ. ಮಗಳಿಗೆ ಹಾಗೆ ಹೇಳಿದ್ದು ಅದೇ ಮೊದಲು.

ಕಳೆದ ಚಳಿಗಾಲದಲ್ಲಿ ಸೂರತ್‌ನಲ್ಲಿ ಒಂದು ಮದುವೆಗೆ ಹೋಗಿದ್ದೆವು. ಊಟಕ್ಕೆ ಕೂರುವ ಮೊದಲು ನಾನು ಸೀದಾ ಅಡಿಗೆಯವರಲ್ಲಿಗೆ ಹೋದೆ. ಕಡಲೆಹಿಟ್ಟಿನ ಖಮಣದಲ್ಲಿ ರವೆ ಇದೆಯೇ, ಮಜ್ಜಿಗೆಯ ಕಢಿಗೆ ಯಾವ ಹಿಟ್ಟು, ಗೋಧಿ ಹಿಟ್ಟು ಬೆರೆಸಿರಬಹುದಾದ ಇಂಗಿನ ಡಬ್ಬದ ಮೇಲೆ ಏನು ಬರೆದಿದೆ ಎಂದು ಒಂದೊಂದಾಗಿ ಕೇಳಿದೆ. ಅಡಿಗೆಯವನು ರೇಗಿದ, "ಮದುವೆ ಊಟಕ್ಕೆ ಬಂದಿದ್ದೀರೋ, ತಪಾಸಣೆಗೋ?" ಎಂದ. ಹೆಣ್ಣಿನ ಕಡೆಯವರು ತಿರುಗಿ ನೋಡಿದರು. ನನ್ನ ಕೆನ್ನೆ ಬಿಸಿಯಾಯಿತು. ಆದರೂ ಜಾಗ ಬಿಡಲಿಲ್ಲ. "ಡಬ್ಬ ತೋರಿಸಿ," ಅಂದೆ. ಮಗಳು ನನ್ನ ಪಕ್ಕದಲ್ಲಿ ಬಂದು ನಿಂತಳು. ಅವನು ಗೊಣಗುತ್ತ ಡಬ್ಬ ತಂದು ಕೈಯಲ್ಲಿಟ್ಟ. ಸಣ್ಣ ಅಕ್ಷರಗಳನ್ನು ನಾವಿಬ್ಬರೂ ಸೇರಿ ಓದಿದೆವು.